ಎಡಕ್ಕೆ ವಾಲಿದ ಗೆರೆಗಳು

ಸೋಮವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಗೆ ಬಂದ ಚಿತ್ರಗಾರ್ತಿ, ಮಕ್ಕಳ ಪುಸ್ತಕವೊಂದನ್ನು ಇನ್ಸ್‌ಪೆಕ್ಟರ್ ಮೇಜಿನ ಮೇಲಿಟ್ಟಳು.

"ಹನ್ನೆರಡು ಚಿತ್ರಾನೂ ನಂದು ಸಾರ್. ಹೆಸರು ಮಾತ್ರ ನಮ್ಮಪ್ಪಂದು."

"ಅವರನ್ನ ಕೇಳಿದ್ರಾ?"

"ಕೇಳೋದೇನಿದೆ? ಅಪ್ಪ ಡ್ರಾಯಿಂಗ್ ಮೇಷ್ಟ್ರು, ಇನ್ನೊಬ್ಬರ ಗೆರೆ ಮುಟ್ಟೋರಲ್ಲ. ಪ್ರಕಾಶಕರಿಗೆ ತೋರಿಸಿ ಅಂತ ಅವರ ಕೈಲಿ ಕಳಿಸಿದ್ದೆ. ಇದು ಪ್ರಕಾಶಕರದೇ ಕೈವಾಡ."

ದೂರಿಗೆ ಬಲಗೈಯಲ್ಲಿ ಸಹಿ ಹಾಕಿದಳು. ಪ್ರಕಾಶಕರ ಮೇಲೆ ಕೃತಿಸ್ವಾಮ್ಯ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಪ್ರಕಾಶಕರ ಕಚೇರಿಯಲ್ಲಿ ಪಂಚರ ಮುಂದೆ ಮೂಲಚಿತ್ರಗಳು ಜಪ್ತಿಯಾದವು. ಪ್ರಕಾಶಕ ಬೆವರೊರೆಸಿಕೊಂಡ. "ಮೇಷ್ಟ್ರೇ ತಂದ್ಕೊಟ್ರು ಸಾರ್. ಇಲ್ಲೇ ಕೂತು ಪ್ರತಿ ಚಿತ್ರದ ಕೆಳಗೂ ಸಹಿ ಹಾಕಿದ್ರು."

ಹೆಡ್ ಕಾನ್‌ಸ್ಟೇಬಲ್ ಪಂಚನಾಮೆ ಬರೆಯುತ್ತಿದ್ದವನು ತಲೆಯೆತ್ತಿದ. ಅವನದು ಹುಟ್ಟಾ ಎಡಗೈ. "ನೆರಳಿನ ಗೆರೆ ನೋಡಿ ಸಾರ್, ಎಲ್ಲಾ ಎಡಕ್ಕೆ ವಾಲಿವೆ. ಬರೆದೋರು ನಮ್ಮ ಪೈಕಿ, ಎಡಗೈಯೋರು. ಗೆರೆ ನೆಟ್ಟಗಿದೆ, ಸಹಿ ಮಾತ್ರ ನಡುಗಿದೆ."

ಆದರೆ ದೂರುದಾರೆ ಬಲಗೈಯವಳು! ಇನ್ಸ್‌ಪೆಕ್ಟರ್ ಅವಳಿಗೆ ಫೋನ್ ಮಾಡಿದರು. ಯಾವ ಕೈಯಲ್ಲಿ ಚಿತ್ರ ಬಿಡಿಸುತ್ತಾಳೆಂದು ಕೇಳಿದರು.

"ಬರೆಯೋದು ಬಲಗೈ ಸಾರ್, ಅಪ್ಪ ಹೊಡೆದು ಕಲಿಸಿದ್ದು. ಚಿತ್ರ ಎಡಗೈಲೇ. ಬಾಗಿಲು ಹಾಕ್ಕೊಂಡು ಬಿಡಿಸ್ತಿದ್ದೆ."

ಮಂಗಳವಾರ ಹನ್ನೊಂದಕ್ಕೆ ಪೊಲೀಸರು ಮೇಷ್ಟ್ರ ಮನೆಗೆ ಹೋದಾಗ ಮಗಳೂ ಬಂದಳು. ಗೋಡೆ ತುಂಬ ಪ್ರಶಸ್ತಿ ಫಲಕಗಳು.

"ಚಿತ್ರ ನಿಮ್ಮದಾ?"

"ನಂದೇ."

ಇನ್ಸ್‌ಪೆಕ್ಟರ್ ಹಾಳೆ, ಪೆನ್ಸಿಲ್ ಮುಂದಿಟ್ಟರು. "ಹಾಗಾದ್ರೆ ಒಂದು ಗೆರೆ ಎಳೀರಿ."

ಮೇಷ್ಟ್ರು ಪೆನ್ಸಿಲ್ ಹಿಡಿದರು. ಕೈ ಗಡಗಡ ನಡುಗಿತು. ಹಾಳೆ ಮುಟ್ಟುವ ಮೊದಲೇ ಪೆನ್ಸಿಲ್ ಕೆಳಗಿಟ್ಟು ಎರಡೂ ಕೈ ತೊಡೆಯ ಕೆಳಗೆ ಬಚ್ಚಿಟ್ಟುಕೊಂಡರು.

"ಬೇಲೀನೇ ಎದ್ದು ಹೊಲ ಮೇಯ್ತು," ಎಂದು ಹೆಡ್ ಕಾನ್‌ಸ್ಟೇಬಲ್ ಗೊಣಗಿದ. ಮಗಳ ಮುಖ ಕಂಡು, ಯಾಕಾದರೂ ಅಂದೆನೋ ಎಂದು ನಾಚಿದ.

"ದೂರು ವಾಪಸ್ ತಗೋತೀನಿ ಸಾರ್," ಎಂದಳು ಮಗಳು.

"ಬೇಡ ಕಣಮ್ಮಾ. ಚಿತ್ರ ನಿಂದು ಅಂತ ಎಲ್ಲಾದ್ರೂ ಒಂದು ಕಡೆ ದಾಖಲಾಗ್ಲಿ," ಎಂದರು ಮೇಷ್ಟ್ರು, ಅವಳ ಕಡೆ ನೋಡದೆ.

ಹನ್ನೆರಡು ಹತ್ತಕ್ಕೆ ದಸ್ತಗಿರಿ. ಮೇಷ್ಟ್ರು ಹೇಳಿಕೆಯಲ್ಲಿ ಬರೆಸಿದ್ದು ಇಷ್ಟು: ಎರಡು ವರ್ಷದಿಂದ ಕೈ ನಡುಗುತ್ತಿದೆ, ಯಾರಿಗೂ ಹೇಳಲಿಲ್ಲ. ಮೇಷ್ಟ್ರ ಕೈ ಹೋಯಿತು ಎಂದು ಜನ ಆಡಿಕೊಳ್ಳುವುದನ್ನು ಕೇಳಲಾರದಾದೆ. ಮಗಳ ಎಡಗೈಗೆ ಸ್ಕೇಲಿನಲ್ಲಿ ಹೊಡೆದವನು ನಾನು. ಆ ಕೈಯದೇ ಕೆಲಸ ಕದ್ದೆ.

ದಸ್ತಗಿರಿ ಪತ್ರಕ್ಕೆ ಮನೆಯವರ ಸಹಿ ಬೇಕಿತ್ತು. ಮಗಳು ಬಲಗೈಯಲ್ಲಿ ಪೆನ್ನು ಹಿಡಿದು ತಡೆದಳು. ಆಮೇಲೆ ಅದನ್ನು ಎಡಗೈಗೆ ಬದಲಿಸಿ, ಅಪ್ಪನ ಮುಂದೆಯೇ ಸಹಿ ಹಾಕಿದಳು. ಮೇಷ್ಟ್ರು ತಲೆ ತಗ್ಗಿಸಿದರು.