ಶರತ್ ಹಾಕಿದ ಕೊನೆಯ ಲಾಗ

ಪುಟ್ಟ ವಿಮಾನ ಗದ್ದೆಯ ಕೆಸರಿನಲ್ಲಿ ಮೂಗು ಹೂತು ನಿಂತಿತ್ತು. ಪೈಲಟ್ ಶರತ್‌ನ ಹೆಣವನ್ನು ಹೊರಗೆಳೆದು ಬದುವಿನ ಮೇಲೆ ಮಲಗಿಸಿದ್ದರು. ಸಾಲಿಗ್ರಾಮದ ಸುತ್ತಮುತ್ತಲಿನ ಜನ ಮೊಬೈಲ್ ಎತ್ತಿ ಹಿಡಿದಿದ್ದರು. ಲಾಗ ನೋಡಲು ಬಂದವರು, ಬಂದದ್ದಕ್ಕೆ ಹೆಣವನ್ನೂ ನೋಡಿಕೊಂಡು ಹೊರಡುವ ಅಂದಾಜಿನಲ್ಲಿದ್ದರು.

ಲಾಗ ಎಂಬುದು ಊರಿನವರು ಇಟ್ಟ ಹೆಸರು. ಪೈಲಟ್‌ಗಳ ಬಾಯಲ್ಲಿ ಅದು ಲೊಮ್ಚೊವಾಕ್. ವಿಮಾನವನ್ನು ಎತ್ತರಕ್ಕೇರಿಸಿ, ಬೇಕೆಂದೇ ಹಿಡಿತ ತಪ್ಪಿಸಿ, ಆಕಾಶದಲ್ಲಿ ತಲೆಕೆಳಗಾಗಿ ಉರುಳಿಸುವ ಕಸರತ್ತು. ಉರುಳಿದ ಮೇಲೆ ವಿಮಾನ ನಡೆಸುವ ಸ್ಟಿಕ್ ಎಳೆದು ಸರಿಪಡಿಸಿಕೊಳ್ಳಬೇಕು. ಇವತ್ತು ಸರಿಯಾಗಲಿಲ್ಲ.

ಸಬ್ ಇನ್‌ಸ್ಪೆಕ್ಟರ್ ಭಾವನಾ ಬರುವಷ್ಟರಲ್ಲಿ ಊರು ತೀರ್ಪು ಕೊಟ್ಟು ಮುಗಿಸಿತ್ತು. ವಿಮಾನ ಒರೆಸಿ ಎಣ್ಣೆ ಹಾಕುತ್ತಿದ್ದ ಜಯರಾಮನನ್ನು ತೆಂಗಿನ ಮರಕ್ಕೆ ಕಟ್ಟಿದ್ದರು. ಎಚ್.ಡಿ. ಕೋಟೆ ಕಡೆಯ ಕಾಡಂಚಿನ ಹಾಡಿಯವನು, ಕೇಳುವವರಿಲ್ಲ. ಅವನ ಬಲಗೈ ಬೆರಳುಗಳು ಮುರಿದು ಊದಿಕೊಂಡಿದ್ದವು.

"ಯಾರು ಹೊಡೆದದ್ದು?"

"ನಾನೇ ಕಣ್ರೀ," ಎಂದ ರಘು. ಶರತ್‌ನ ಅಣ್ಣ. "ಬೋಲ್ಟ್ ಬಿಚ್ಚವ್ನೆ ಇವ್ನು. ನನ್ ತಮ್ಮನ್ನ ತಿಂದ್ಬುಟ್ಟ."

"ಬೋಲ್ಟ್ ನೀವು ನೋಡಿದ್ರಾ?"

"ಇನ್ನೇನ್ ಆಗಿರ್ತದೆ?"

ಭಾವನಾ ಹಗ್ಗ ಬಿಚ್ಚಿಸಿದಳು.

* * *

ಬೋಲ್ಟ್‌ಗಳೆಲ್ಲ ಬಿಗಿಯಾಗಿದ್ದವು. ಆದರೆ ಸ್ಟಿಕ್‌ನ ಬುಡದಲ್ಲಿ ಅರಿಶಿನದ ಬಟ್ಟೆ ಸುತ್ತಿದ ತೆಂಗಿನಕಾಯಿ ಸಿಕ್ಕಿಕೊಂಡಿತ್ತು. ಕಾನ್‌ಸ್ಟೇಬಲ್ ಬಸವರಾಜು ಅದನ್ನು ಸಲಾಕೆಯಿಂದ ಮೀಟಿ ತೆಗೆದ.

"ಮಂತ್ರಿಸಿದ ಕಾಯಿ ಮೇಡಂ. ದೃಷ್ಟಿ ಆಗ್ದಿರ್ಲಿ ಅಂತ ಗಾಡಿಗ್ ಕಟ್ತಾರಲ್ಲ, ಅದು."

ಭಾವನಾ ಬಟ್ಟೆಯನ್ನು ತಿರುಗಿಸಿ ನೋಡಿದಳು. ದಾರವಿಲ್ಲ. ದಾರ ಬಿಗಿದ ಗುರುತೂ ಇಲ್ಲ.

ಆಸ್ಪತ್ರೆಯಲ್ಲಿ ಜಯರಾಮ ಹಲ್ಲು ಕಚ್ಚಿಕೊಂಡೇ ಮಾತಾಡಿದ. "ಶರತಣ್ಣ ಇಮಾನ ಅತ್ತೋಕ್ ಮುಂಚೆ ಜೇಬಲ್ಲಿರೋದ್ನೆಲ್ಲ ನನ್ ಕೈಗ್ ಕೊಡೋರು. ಸೀಟ್ ಕೆಳಗೂ ಕೈಯಾಡ್ಸಿ ನೋಡೋರು. ಲಾಗ ಆಕುವಾಗ ಕಟ್ದೆ ಇರೋದೆಲ್ಲ ಮೇಲಕ್ಕೆ ತೇಲ್ತದೆ."

"ಯಾವಾಗಾದ್ರೂ ಹಾಗಾಗಿತ್ತಾ?"

"ಓದ್ ಸಲ ರಘಣ್ಣ ಇಂದ್ಗಡೆ ಕೂತಿದ್ರು. ಅವ್ರ ಮೊಬೈಲ್ ತೇಲ್ಕಂಡ್ ಬಂದು ಸ್ಟಿಕ್ಕಿಗೆ ಸಿಕ್ಕಾಕಂತು. ಜೀವ ಉಳ್ದಿದ್ದೇ ಎಚ್ಚು. ಕೆಳಗಿಳಿದು ಶರತಣ್ಣ ಎಲ್ರೆದುರ್ಗೂ ಅವ್ರ ಕೆನ್ನೆಗ್ ಬಾರ್ಸುಬುಟ್ರು."

"ಇವತ್ತು ಸೀಟ್ ನೋಡಿಕೊಂಡ ಮೇಲೆ ವಿಮಾನದ ಹತ್ತಿರ ಬಂದದ್ದು ಯಾರು?"

"ಶರತಣ್ಣನ ಅವ್ವಾರು ಒಬ್ರೇ. ಆರತಿ ಎತ್ತಕ್ಕೆ."

* * *

ಶರತ್‌ನ ಮನೆಯ ಬಾಗಿಲ ಮೇಲ್ಗಡೆ ಒಂದು ಕಾಯಿ, ದಾರದಲ್ಲಿ ಬಿಗಿದು ಕಟ್ಟಿದ್ದು. ರಘುವಿನ ಟ್ರ್ಯಾಕ್ಟರ್ ಮುಂದೆ ಇನ್ನೊಂದು, ಗಂಟಿನ ಮೇಲೆ ಗಂಟು. ಈ ಸೀಮೆಯಲ್ಲಿ ಮಂತ್ರಿಸಿದ ಕಾಯಿಯನ್ನು ಯಾರೂ ಬಿಡಿಯಾಗಿ ಇಡುವುದಿಲ್ಲ. ಕಟ್ಟಿದರೇ ಅದು ಕಾಯುತ್ತದೆ ಎಂಬ ನಂಬಿಕೆ.

ತಾಯಿ ಚಾಮುಂಡಮ್ಮ ಗೋಡೆಗೊರಗಿ ಕೂತಿದ್ದಳು. ಪಕ್ಕದಲ್ಲಿ ರಘು. ಭಾವನಾ ಹೊಸ್ತಿಲಲ್ಲೇ ನಿಂತಳು. ಈ ಹೆಂಗಸು ಬಾಯಿ ಬಿಡದಿದ್ದರೆ ಜಯರಾಮ ಜೈಲಿಗೆ. ಬಿಟ್ಟರೆ ಮಗನನ್ನು ಕೊಂದ ಕೈ ಯಾವುದೆಂದು ಅವಳಿಗೇ ತಿಳಿಯುತ್ತದೆ. ಇಂಥ ಕೆಲಸಕ್ಕೂ ಸಂಬಳ ಕೊಡುತ್ತಾರೆ.

"ಅಮ್ಮಾ, ವಿಮಾನದೊಳಗೆ ಕಾಯಿ ಇಟ್ಟವರು ನೀವಾ?"

"ಊಂ ಕಣವ್ವ. ಮಗೀಗೆ ಏನೂ ಆಗ್ದಿರ್ಲಿ ಅಂತ ಸೀಟ್ ಕೆಳಕ್ಕೆ ತಳ್ದೆ."

"ಮನೇಲೆಲ್ಲ ಕಟ್ಟಿದ್ದೀರಿ. ಅದನ್ನ ಯಾಕೆ ಕಟ್ಲಿಲ್ಲ?"

"ಕಟ್ಬ್ಯಾಡ ಅಂದ ರಘು. ಕಾಯಿ ತಂದ್ಕೊಟ್ಟೋನೂ ಅವ್ನೇಯ. ಶರತ ಎಲ್ಲ ನೋಡ್ಕಂಡ್ ಮೇಲೆ ಇಡವ್ವ, ಕಂಡ್ರೆ ಬಿಸಾಕ್ತಾನೆ ಅಂದ."

"ಅವ್ವಾ, ಸುಮ್ಕಿರು!" ರಘು ಗದರಿದ.

ಭಾವನಾ ಅವನತ್ತ ತಿರುಗಿದಳು. "ಕಟ್ಟದ ವಸ್ತು ಲಾಗದಲ್ಲಿ ಏನಾಗುತ್ತೆ ಅಂತ ಈ ಮನೇಲಿ ಶರತ್ ಬಿಟ್ಟರೆ ಗೊತ್ತಿದ್ದದ್ದು ನಿಮಗೊಬ್ಬರಿಗೇ. ನಿಮ್ಮ ಮೊಬೈಲೇ ಕಲಿಸಿತ್ತು. ನೆಟ್ಟಗೆ ಹಾರುವಾಗ ಕಾಯಿ ಸೀಟಿನ ಕೆಳಗೆ ತೆಪ್ಪಗಿತ್ತು. ಉರುಳಿದಾಗ ಎದ್ದು ಸ್ಟಿಕ್ಕಿಗೆ ಅಡ್ಡ ಬಿತ್ತು. ಟ್ರ್ಯಾಕ್ಟರಿಗೆ ಅಷ್ಟು ಗಂಟು ಹಾಕಿದವರು ತಮ್ಮನಿಗೆ ಒಂದು ದಾರ ಬೇಡ ಅಂದಿರಿ. ಬೋಲ್ಟ್ ನೋಡದೆಯೇ ಜಯರಾಮನ ಕೈ ಮುರಿದಿರಿ."

ರಘು ಅವ್ವನತ್ತ ಬೆರಳು ತೋರಿಸಿದ. "ನಾಲೆ ನೀರಿನ ಭೂಮೀನ ಅವ್ನ ಇಮಾನ ಓಡಾಡಕ್ಕೆ ಬುಟ್ಕೊಟ್ಲು ಇವ್ಳು. ಮೇಲೆ ತಮ್ಮನ ಕೈಲಿ ಏಟು ಬೇರೆ." ಆಮೇಲೆ ನಕ್ಕೇಬಿಟ್ಟ. "ನಾನ್ ಮುಟ್ಟೇ ಇಲ್ಲ ಕಣ್ರೀ. ಇಟ್ಟೋಳು ಅವ್ವ. ಅವ್ಳನ್ನೇ ಕೋರ್ಟಿಗ್ ನಿಲ್ಸಿ!"

ಬಸವರಾಜು ಅವನ ರಟ್ಟೆ ಹಿಡಿದು ಜೀಪಿನತ್ತ ನಡೆಸಿದ.

ಚಾಮುಂಡಮ್ಮ ಅಳಲಿಲ್ಲ. ಅಂಗೈ ನೋಡಿಕೊಂಡಳು. ಉಗುರ ಸಂದಿಯಲ್ಲಿ ಬೆಳಗಿನ ಅರಿಶಿನ ಇನ್ನೂ ಇತ್ತು.

"ನಾನ್ ಗಟ್ಟಿಯಾಗ್ ಕಟ್ಟಿದ್ರೆ ಉಳೀತಿದ್ನಾ ಮಗ?"

ಸುಳ್ಳು ಹೇಳಬಹುದಿತ್ತು. ಆದರೆ ನಾಳೆ ಕೋರ್ಟಿನಲ್ಲಿ ಇದೇ ಪ್ರಶ್ನೆಯನ್ನು ವಕೀಲರೂ ಕೇಳುತ್ತಾರೆ.

"ಉಳೀತಿದ್ರು, ಅಮ್ಮಾ."

ಮುದುಕಿ ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು.

"ಬರ್ಕೊಳವ್ವ ಅಂಗಾರೆ," ಅಂದಳು. "ಇಟ್ಟೋಳು ನಾನು. ಇಡ್ಸಿದೋನು ಅವ್ನು. ಆ ಆಡಿ ಐದ ಜಯರಾಮನ್ನ ಬುಟ್ಬುಡಿ."