ಮೂರು ದಾರಿಯ ಹಿಟ್ಟಿನ ಗೊಂಬೆ

"ಮೂರು ದಾರಿ ಕೂಡೋ ಕಡೆ ಕಲ್ಲಿನ ಮೇಲೆ ಒಂದು ಹಿಟ್ಟಿನ ಗೊಂಬೆ ಇರುತ್ತೆ ಸರ್. ಮುಟ್ಬೇಡಿ. ನೋಡದೆ ದಾಟಿಬಿಟ್ರೆ ಇನ್ನೂ ಒಳ್ಳೇದು," ಎಂದು ಸ್ಟೊಬ್ದನ್ ಜೀಪಿನ ಇಂಜಿನ್ ಆರಿಸುತ್ತ ಹೇಳಿದ.

ಹಿಂದಿನ ಸೀಟಿನಲ್ಲಿದ್ದ ಪರಾಗ್ ಸಹಸ್ರಬುದ್ಧೆ ನಕ್ಕ. ಎದುರಿನವರ ಮಾತು ಮುಗಿಯುವ ಮೊದಲೇ ನಗುವುದು ಅವನ ಅಭ್ಯಾಸ. ಪುಣೆಯಿಂದ ಝಂಸ್ಕಾರ್ ಕಣಿವೆಯ ಈ ತುದಿಯವರೆಗೆ ಅವನು ಬಂದಿದ್ದೇ ನಗುವುದಕ್ಕೆ. ಊರೂರು ಅಲೆದು ಅಲ್ಲಿಯ ದೆವ್ವ, ದೇವರು, ಮಾಟ, ತಾಯಿತಗಳನ್ನು ಗೇಲಿ ಮಾಡಿ ವಿಡಿಯೋ ಹಾಕುವುದು ಅವನ ಕಸುಬು. ಲಕ್ಷಗಟ್ಟಲೆ ಜನ ನೋಡುತ್ತಾರಂತೆ. ಹೆಸರಿನಲ್ಲೇ ಸಾವಿರ ಬುದ್ಧಿ ಹೊತ್ತು ಹುಟ್ಟಿದವನು, ನಮ್ಮಂಥವರ ಒಂದು ಮಾತನ್ನು ಕಿವಿ ಮೇಲೆ ಹಾಕಿಕೊಂಡಾನೆಯೆ?

"ಯಾರು ಇಟ್ಟಿದ್ದು ಡ್ರೈವರ್?"

"ನಮ್ಮಪ್ಪ. ನಿನ್ನೆ ಬೆಳಿಗ್ಗೆ ಇಡ್ತೀನಿ ಅಂದಿದ್ರು. ನನ್ನ ಹೆಂಡ್ತಿಗೆ ಎರಡು ತಿಂಗಳಿಂದ ಹುಷಾರಿಲ್ಲ."

"ಡಾಕ್ಟ್ರಿಗೆ ತೋರಿಸೋದು ಬಿಟ್ಟು ಹಿಟ್ಟು ಕಲಸ್ತಾ ಕೂತ್ರಾ?"

ಸ್ಟೊಬ್ದನ್ ಹೆಂಡತಿಯನ್ನು ಮೂರು ಸಲ ಇದೇ ಜೀಪಿನಲ್ಲಿ ಮಲಗಿಸಿಕೊಂಡು ಪೇಟೆಗೆ ಹೋಗಿ ಬಂದಿದ್ದ. ರಕ್ತ ನೋಡಿದ್ದರು, ಎದೆಯ ಫೋಟೋ ತೆಗೆದಿದ್ದರು, ಚೀಲದ ತುಂಬ ಮಾತ್ರೆ ಕೊಟ್ಟಿದ್ದರು. ಕೆಮ್ಮು ಮಾತ್ರ ಅವಳ ಎದೆ ಬಿಟ್ಟು ಕದಲಿರಲಿಲ್ಲ. ಇದನ್ನೆಲ್ಲ ಹೇಳಬಹುದಿತ್ತು. ಆದರೆ ಎರಡು ದಿನ ಒಂದೇ ಜೀಪಿನಲ್ಲಿ ಕೂತು ಬಂದರೂ ನಿನ್ನ ಹೆಸರೇನು ಎಂದು ಒಮ್ಮೆಯೂ ಕೇಳದವನಿಗೆ ಮನೆಯ ಕಷ್ಟ ಏನಂತ ಹೇಳುವುದು? ಅವನು ಸಾಮಾನು ಹೆಗಲಿಗೆ ಹಾಕಿಕೊಂಡು, ಹೆಪ್ಪುಗಟ್ಟಿದ ಹಳ್ಳ ದಾಟಿ, ಊರಿನ ಕಡೆ ನಡೆದ.

ಪರಾಗ್ ಏದುಸಿರು ಬಿಡುತ್ತ ಹಿಂದೆ ಬಂದ. ಈ ಎತ್ತರದಲ್ಲಿ ಹೊಸಬರಿಗೆ ಹತ್ತು ಹೆಜ್ಜೆಗೊಮ್ಮೆ ನಿಲ್ಲಲೇಬೇಕು. ಮೂರು ದಾರಿ ಕೂಡುವಲ್ಲಿ ಅವನು ನಿಂತ, ನೋಡಿದ.

ಚಪ್ಪಟೆ ಕಲ್ಲಿನ ಮೇಲೆ ಗೇಣುದ್ದದ ಗೊಂಬೆ. ಹುರಿದ ಜವೆಗೋಧಿ ಹಿಟ್ಟಿಗೆ ಬೆಣ್ಣೆ ಹಾಕಿ ಕಲಸಿದ್ದು. ಮೈಗೆ ಹೆಂಗಸರ ಹಳೆಯ ಮೇಲಂಗಿಯ ಕಂದು ಚೂರು, ನೆತ್ತಿಯಲ್ಲಿ ನಿಜವಾದ ಕೂದಲು, ಕೊರಳಲ್ಲಿ ಹೆಬ್ಬೆರಳಿನಷ್ಟು ದೊಡ್ಡ ವೈಡೂರ್ಯ. ಎಲ್ಲ ಇತ್ತು, ಮುಖ ಇರಲಿಲ್ಲ. ಮುಖದ ಜಾಗದಲ್ಲಿ ಹಿಟ್ಟನ್ನು ಹೆಬ್ಬೆರಳಿನಿಂದ ಒತ್ತಿ ನುಣ್ಣಗೆ ಮಾಡಿ ಬಿಟ್ಟಿದ್ದರು. ಹಳಸಿದ ಬೆಣ್ಣೆಯ ವಾಸನೆ ಗಪ್ಪೆಂದು ಬಂತು. ಒಂದು ಕಾಗೆಯೂ ಅದನ್ನು ಕುಕ್ಕಿರಲಿಲ್ಲ. ಇಂಥ ಹಸಿದ ಊರಿನಲ್ಲಿ ಬೆಣ್ಣೆ ಹಿಟ್ಟನ್ನು ಕಾಗೆ ಬಿಡುತ್ತದೆಯೇ ಎಂದು ಯೋಚಿಸಲು ಒಂದು ಬುದ್ಧಿ ಸಾಕಿತ್ತು. ಪರಾಗ್ ಗೊಂಬೆಯನ್ನೆತ್ತಿ ಬೆನ್ನುಚೀಲಕ್ಕೆ ಹಾಕಿಕೊಂಡ.

ಸ್ಟೊಬ್ದನ್ ಮನೆಯ ಬಾಗಿಲು ಗಿಡ್ಡ. ತಲೆ ಬಗ್ಗಿಸಿ ಎಂದರೂ ಕೇಳದೆ ಪರಾಗ್ ಹಣೆ ಚಚ್ಚಿಸಿಕೊಂಡ. ಬಾಗಿಲು ಕಟ್ಟಿದವನನ್ನು ಬೈದ. ಒಳಗೆ ಅಡುಗೆಮನೆಯ ಕತ್ತಲು, ಸಗಣಿ ಬೆರಣಿಯ ಹೊಗೆ, ಗೋಡೆಯಲ್ಲಿ ಮಿನುಗುವ ಹಿತ್ತಾಳೆ ಪಾತ್ರೆಗಳು. ಒಲೆಯ ಪಕ್ಕ ಸ್ಟೊಬ್ದನ್‌ನ ಅಪ್ಪ ಲುಂಡುಪ್ ಕೂತಿದ್ದ. ಪಂಚಾಂಗ ನೋಡುವ, ಮಾಟ ಬಿಡಿಸುವ ಮುದುಕ. ಊರಿಗೆಲ್ಲ ಅವನು ಮೆಮೆ, ಎಂದರೆ ಅಜ್ಜ. ಕಿಟಕಿಯ ಕೆಳಗೆ ಹಾಸಿಗೆಯಲ್ಲಿ ಸೊಸೆ ಪಲ್ಕಿತ್ ದಿಂಬಿಗೊರಗಿ ಕೂತು ಗಂಜಿ ಕುಡಿಯುತ್ತಿದ್ದಳು. ಎರಡು ತಿಂಗಳಲ್ಲಿ ಅವಳು ಎದ್ದು ಕೂತದ್ದು ಇದೇ ಮೊದಲು. ಗೊಂಬೆ ಕಲ್ಲಿನ ಮೇಲೆ ಕೂತ ಗಳಿಗೆಯಿಂದ ಒಂದು ಸಲವೂ ಕೆಮ್ಮಿರಲಿಲ್ಲ. ಅಪ್ಪ ಅದನ್ನು ಹೇಳಿದಾಗ ಸ್ಟೊಬ್ದನ್ ಮುಖ ತಿರುಗಿಸಿ ಕಣ್ಣೊರೆಸಿಕೊಂಡ.

ಪರಾಗ್ ಚಹಾ ಒಂದು ಗುಟುಕು ಕುಡಿದು ಮುಖ ಕಿವುಚಿದ. "ಉಪ್ಪು, ಬೆಣ್ಣೆ. ಇದೇನು ಚಹಾನಾ, ಸಾರಾ?"

"ಚಳೀಲಿ ಸಾಯದ ಹಾಗೆ ನೋಡ್ಕೊಳುತ್ತೆ. ಹೆಸರು ಏನಾದ್ರೂ ಇಟ್ಕೊಳ್ಳಿ," ಎಂದ ಮೆಮೆ.

ಪಲ್ಕಿತ್ ನಕ್ಕಳು. "ಮಕ್ಕಳಿದ್ದಾರಾ ನಿಮಗೆ?"

ಆಗ ಮಾತ್ರ ಅವನ ಮುಖ ಮೆತ್ತಗಾಯಿತು. ಫೋನ್ ತೆರೆದು ತೋರಿಸಿದ. ಆರು ವರ್ಷದ ಹುಡುಗಿ, ಮೇಲಿನ ಎರಡು ಹಲ್ಲು ಬಿದ್ದಿವೆ, ಬಾಯಿ ತುಂಬ ನಗು. "ಇರಾ. ಇನ್ನೊಂದು ವಾರಕ್ಕೆ ಇವಳ ಹುಟ್ಟಿದಬ್ಬ. ನಾನಿಲ್ದೆ ಕೇಕ್ ಕತ್ತರಿಸಲ್ಲ ಅಂತ ಹಟ ಹಿಡಿದಿದ್ದಾಳೆ." ಮನುಷ್ಯ ಪೂರ್ತಿ ಕೆಟ್ಟವನಲ್ಲ, ಅದನ್ನೂ ಹೇಳಬೇಕು. ಆದರೆ ಮರುಗಳಿಗೆಯೇ ಚೀಲಕ್ಕೆ ಕೈ ಹಾಕಿ ಗೊಂಬೆಯನ್ನು ತೆಗೆದು ಪಲ್ಕಿತ್‌ಳ ಹಾಸಿಗೆಯ ಮುಂದಿನ ಮಣೆಯ ಮೇಲೆ ಕುಳ್ಳಿರಿಸಿದ.

"ನೋಡಿ, ನಿಮ್ಮ ರೋಗ. ಹೇಗಿದೆ?"

ಪಲ್ಕಿತ್‌ಳ ಕೈಯಿಂದ ಬಟ್ಟಲು ಜಾರಿ ಗಂಜಿ ಹಾಸಿಗೆಯ ಮೇಲೆಲ್ಲ ಚೆಲ್ಲಿತು. ಆಮೇಲೆ ಕೆಮ್ಮು. ಮೂರು ಸಣ್ಣ ಕೆಮ್ಮು, ಕೊನೆಗೆ ಎದೆಯೊಳಗಿಂದ ಸೀಟಿಯ ಹಾಗೆ ಎಳೆಯುವ ಒಂದು ಉಸಿರು. ಮತ್ತೆ ಮೂರು. ಮತ್ತೆ ಸೀಟಿ. ಅವಳ ತುಟಿ ನೀಲಿಯಾಯಿತು. ಸ್ಟೊಬ್ದನ್ ಪರಾಗ್‌ನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದ.

"ಬಿಡು ಅವನನ್ನ," ಎಂದ ಮೆಮೆ. "ಹೊಡೆದ್ರೆ ವಾಪಸ್ ಯಾರು ಇಡ್ತಾರೆ? ಎತ್ಕೊಂಡು ಬಂದವನೇ ಇಡಬೇಕು. ನಾವು ಮುಟ್ಟೋ ಹಾಗಿಲ್ಲ."

"ಅವಳಿಗೆ ಹೆದರಿಕೆಯಿಂದ ಕೆಮ್ಮು ಬಂದಿದೆ ಅಷ್ಟೇ," ಎಂದ ಪರಾಗ್ ಕಾಲರ್ ಸರಿಮಾಡಿಕೊಳ್ಳುತ್ತ. "ಮನಸ್ಸಿನ ಆಟ ಇದು. ಓದಿದವರಿಗೆ ಗೊತ್ತಿರುತ್ತೆ."

"ಆಗ್ಲಿ ನೋನೋ, ಆಟವೇ ಅಂದ್ಕೋ." ನೋನೋ, ಎಂದರೆ ತಮ್ಮ, ಎಂದು ಕರೆದು ಮಗುವಿಗೆ ಹೇಳುವಂತೆ ಹೇಳಿದ ಮೆಮೆ. "ಕಲ್ಲಿನ ಮೇಲೆ ಇಡು. ಅದರ ಬೆನ್ನು ಊರ ಕಡೆ ಇರಬೇಕು. ಇಟ್ಟು ಬಂದುಬಿಡು. ಮನೆ ಹೊಸ್ತಿಲು ದಾಟೋ ತನಕ ಹಿಂದೆ ನೋಡಬೇಡ."

"ನೋಡಿದ್ರೆ?"

"ಅವಳ ರೋಗ ಹೊತ್ತ ಆ ಗೊಂಬೆಗೆ ನಾವು ಎಲ್ಲಾ ಕೊಡ್ತೀವಿ. ಬಟ್ಟೆ, ಕೂದಲು, ಒಡವೆ, ಊಟ. ಮುಖ ಮಾತ್ರ ಕೊಡಲ್ಲ. ಮುಖ ಸಿಕ್ರೆ ಅದು ಕೂತಲ್ಲಿ ಕೂರಲ್ಲ. ಹಿಂದೆ ನೋಡಿದವರ ಮುಖ ಅದಕ್ಕೆ ಸಿಗುತ್ತೆ."

ಪರಾಗ್‌ಗೆ ಖುಷಿಯೋ ಖುಷಿ. ಇದಕ್ಕಿಂತ ಒಳ್ಳೆಯ ವಿಡಿಯೋ ಎಲ್ಲಿ ಸಿಕ್ಕೀತು? ಗೊಂಬೆಯನ್ನು ಕಂಕುಳಲ್ಲಿ ಅವುಚಿಕೊಂಡು, ಫೋನನ್ನು ಉದ್ದ ಕೋಲಿಗೆ ಸಿಕ್ಕಿಸಿಕೊಂಡು ಹೊರಟ.

ಮಧ್ಯಾಹ್ನ ಎರಡು ದಾಟಿತ್ತು. ಸೂರ್ಯ ಬೆಟ್ಟದ ಅಂಚಿಗೆ ಬಂದಿದ್ದ. ದೂರದಲ್ಲಿ ಮಂತ್ರದ ಬಾವುಟಗಳು ಪಟಪಟ ಬಡಿದುಕೊಳ್ಳುತ್ತಿದ್ದವು. ಪರಾಗ್ ಗೊಂಬೆಯನ್ನು ಕಲ್ಲಿನ ಮೇಲೆ ಕುಕ್ಕಿ, ಅದರ ನೆತ್ತಿಗೊಂದು ಮೊಟಕಿ, ಊರ ಕಡೆ ತಿರುಗಿದ. ಕೋಲನ್ನು ಮುಂದೆ ಚಾಚಿದ. ಪರದೆಯಲ್ಲಿ ಅವನ ಮುಖ, ಹೆಗಲಿನ ಮೇಲಿಂದ ಹಿಂದಿನ ದಾರಿ, ದಾರಿಯ ಕೊನೆಗೆ ಕಲ್ಲು.

"ನಮಸ್ಕಾರ ಗೆಳೆಯರೇ," ಎಂದ ಫೋನಿಗೆ. "ಹಿಂದೆ ತಿರುಗಬಾರದಂತೆ. ನಾನು ತಿರುಗಿಲ್ಲ, ನೋಡಿ. ಆದ್ರೆ ನಿಮಗೂ ಕಾಣ್ತಿದೆ, ನನಗೂ ಕಾಣ್ತಿದೆ. ಅಜ್ಜನ ಮಂತ್ರಕ್ಕೆ ಕ್ಯಾಮೆರಾ ವಿಷಯ ಗೊತ್ತಿಲ್ಲ ಪಾಪ."

ನಾಲ್ಕು ಹೆಜ್ಜೆ ನಡೆದ. ಪರದೆಯಲ್ಲಿ ಗೊಂಬೆಯ ಬೆನ್ನು ಕಾಣುತ್ತಿತ್ತು. ಬಿಸಿಲು ಹೋಯಿತು. ಕಣಿವೆ ಒಮ್ಮೆಗೇ ನೀಲಿಯಾಯಿತು. ಬಾವುಟಗಳ ಸದ್ದು ನಿಂತಿತು.

ಮತ್ತೆ ನೋಡಿದ. ಗೊಂಬೆ ಇತ್ತ ತಿರುಗಿತ್ತು.

ಗಾಳಿಗೆ ತಿರುಗಿರಬೇಕು, ಎಂದುಕೊಂಡ. ಗಾಳಿ ಇರಲಿಲ್ಲ. ಬೇಗ ಹೆಜ್ಜೆ ಹಾಕಿದ. ಉಸಿರು ಸಾಲಲಿಲ್ಲ. ಹಳಸಿದ ಬೆಣ್ಣೆಯ ವಾಸನೆ. ಬೆನ್ನ ಹಿಂದಲ್ಲ, ಬಾಯಿಯೊಳಗೆ. ನಾಲಿಗೆಯ ಮೇಲೆ ಜಿಡ್ಡು. ಉಗುಳಿದ. ಹೋಗಲಿಲ್ಲ. ಪರದೆಯಲ್ಲಿ ಗೊಂಬೆಯ ನುಣ್ಣನೆಯ ಹಿಟ್ಟಿನಲ್ಲಿ ಎರಡು ತಗ್ಗು ಬಿದ್ದವು. ತಗ್ಗಿನಲ್ಲಿ ಏನೋ ಮಿಟುಕಿತು. ಕೆಳಗೆ ಒಂದು ಗೆರೆ ಸೀಳಿತು. ಗೆರೆ ಬಾಗಿತು. ಮಾತು ಮುಗಿಯುವ ಮೊದಲೇ ನಗುವ ಆ ನಗು. ಅವನದೇ.

ಫೋನ್ ಆರಿಸಬೇಕು. ಬೆರಳು ಮಡಚಲಿಲ್ಲ. ಕಣ್ಣು ಪರದೆಯಿಂದ ಕೀಳಲಾಗಲಿಲ್ಲ. ಹಾಗಾದರೆ ಪರದೆಯಲ್ಲಿ ಮುಂದಿರುವವನು ಯಾರು? ಕಿತ್ತಳೆ ಜಾಕೆಟ್ ಅವನದು. ಟೋಪಿ ಅವನದು. ಟೋಪಿಯ ಕೆಳಗೆ ಮುಖ ಇರಲಿಲ್ಲ. ನುಣ್ಣಗೆ ಒತ್ತಿದ ಹಿಟ್ಟು. ಹೆಬ್ಬೆರಳಿನ ಗುರುತು. ಕಿರುಚಿದ. ಕಿರುಚಲು ಬಾಯಿ ಇರಲಿಲ್ಲ. ಕೋಲು ಕೈ ಜಾರಿತು. ಆಕಾಶ ಬಹಳ ದೊಡ್ಡದಾಯಿತು. ಅವನು ಗೇಣುದ್ದ ಆಗಿದ್ದ. ಕಲ್ಲು ಕೊರೆಯುತ್ತಿತ್ತು. ದೂರದಲ್ಲಿ ಕಿತ್ತಳೆ ಜಾಕೆಟ್ಟು ಊರ ಕಡೆ ನಡೆದು ಹೋಗುತ್ತಿತ್ತು. ಒಮ್ಮೆಯೂ ಹಿಂದೆ ನೋಡಲಿಲ್ಲ.

ಮನೆಯಲ್ಲಿ ಪಲ್ಕಿತ್‌ಳ ಕೆಮ್ಮು ಅರ್ಧಕ್ಕೇ ನಿಂತಿತು. ತುಟಿಗೆ ಬಣ್ಣ ಬಂತು. ಹಸಿವು ಎಂದಳು. ಸ್ಟೊಬ್ದನ್ ಒಲೆಗೆ ಬೆರಣಿ ತುರುಕುತ್ತಿದ್ದಾಗ ಅತಿಥಿ ಒಳಗೆ ಬಂದ. ಗಿಡ್ಡ ಬಾಗಿಲಿಗೆ ಎಷ್ಟು ಬೇಕೋ ಅಷ್ಟೇ ತಲೆ ಬಗ್ಗಿಸಿ ಬಂದ, ಇದೇ ಮನೆಯಲ್ಲಿ ಹುಟ್ಟಿದವನಂತೆ. ಮೂಲೆಯಲ್ಲಿ ಕೂತ. ಚಹಾ ಕೊಟ್ಟರೆ ಮೂಗು ಮುರಿಯದೆ ಮುಂದೆ ಇಟ್ಟುಕೊಂಡ, ಕುಡಿಯಲಿಲ್ಲ. ಆ ಚಳಿಯಲ್ಲಿ ಎಲ್ಲರ ಬಾಯಿಂದ ಹಬೆ ಬರುತ್ತಿತ್ತು, ಅವನ ಬಾಯಿಂದ ಬರಲಿಲ್ಲ. ಮುಖದ ಮೇಲೆ ಅದೇ ನಗು. ಕೈಯಲ್ಲಿ ಫೋನ್ ಇರಲಿಲ್ಲ. ಫೋನ್ ಎಲ್ಲಿ ಎಂದು ಕೇಳಲೂ ಇಲ್ಲ. ಅನ್ನ ಬಿಟ್ಟಾರು, ಫೋನ್ ಬಿಡದ ಜನ ಇವರು. ಮೆಮೆಗೆ ಆಗಲೇ ತಿಳಿಯಿತು.

ಬೆಳಗಾದ ಮೇಲೆ ಮೆಮೆ ಮಗನನ್ನು ಅಂಗಳಕ್ಕೆ ಕರೆದ. "ಬಂದ ದಾರೀಲೇ ಕರ್ಕೊಂಡು ಹೋಗಿ ಬಸ್ಸು ಹತ್ತಿಸಿ ಬಾ. ಎಲ್ಲಿಗೆ ಹೋಗುತ್ತೋ ಹೋಗ್ಲಿ. ಹಿಂದೆ ನೋಡಬೇಡ."

"ಅಬಾಲೆ, ಅವನ ಮನೇಲಿ ಮಗು ಇದೆ," ಎಂದ ಸ್ಟೊಬ್ದನ್ ಅಪ್ಪನಿಗೆ.

"ನಿನ್ನ ಮನೇಲಿ ಹೆಂಡ್ತಿ ಇದ್ದಾಳೆ."

ಸ್ಟೊಬ್ದನ್ ಅಪ್ಪನ ಮುಖ ನೋಡಿದ. ಮುದುಕ ನೆಲ ನೋಡುತ್ತಿದ್ದ. ನಾವು ಸಾವಿರ ಬುದ್ಧಿಯವರನ್ನು ಆಡಿಕೊಂಡು ನಗುತ್ತೇವೆ, ನಿಜ. ನಮ್ಮ ಒಂದು ಬುದ್ಧಿಯೂ ಎಷ್ಟು ಕೀಳಾಗಬಲ್ಲದು ಎಂದು ಆವತ್ತು ಆ ಅಂಗಳದಲ್ಲಿ ಗೊತ್ತಾಯಿತು.

ಮೂರು ದಾರಿಯ ಬಳಿ ಕಿತ್ತಳೆ ಜಾಕೆಟ್ಟು ಕಲ್ಲಿನತ್ತ ಕಣ್ಣೆತ್ತದೆ ಮುಂದೆ ಹೋಯಿತು. ಸ್ಟೊಬ್ದನ್ ತಲೆ ತಗ್ಗಿಸಿ ನಡೆದ. ಕಲ್ಲಿಗಿಂತ ಈಚೆ ದಾರಿಯ ಹಿಮದಲ್ಲಿ ಬಿದ್ದಿದ್ದ ಫೋನನ್ನು ಬಗ್ಗಿ ಎತ್ತಿಕೊಂಡು, ಕಲ್ಲನ್ನು ದಾಟಿದ. ಆಗ ಬೆನ್ನ ಹಿಂದೆ ಒಂದು ಸಣ್ಣ ದನಿ ಕೇಳಿತು. ಹಿಟ್ಟು ತುಂಬಿದ ಬಾಯಿಯಿಂದ ಬಂದಂಥ ದನಿ.

"ಡ್ರೈವರ್... ಡ್ರೈವರ್..."

ಸ್ಟೊಬ್ದನ್‌ನ ಕಾಲು ನಿಂತಿತು. ಹೆಸರು ಹಿಡಿದು ಕರೆದರೆ ಮನುಷ್ಯ ತಿರುಗಿಯೇ ತಿರುಗುತ್ತಾನೆ, ಅದು ತಡೆಯುವ ಮಾತಲ್ಲ. ಆದರೆ ಆ ದನಿಗೆ ಹೆಸರು ಗೊತ್ತಿರಲಿಲ್ಲ. ಎರಡು ದಿನ ಒಂದೇ ಜೀಪಿನಲ್ಲಿ ಬಂದಿದ್ದರೂ ಕೇಳಿರಲಿಲ್ಲ. ಅದು ಡ್ರೈವರ್, ಡ್ರೈವರ್ ಎನ್ನುತ್ತಲೇ ಇತ್ತು. ಅವನು ಹಳ್ಳ ದಾಟಿ ಹೋದ.

ಜೀಪ್ ಹತ್ತಿದ ಕೂಡಲೇ ಕನ್ನಡಿಯನ್ನು ಚಾವಣಿಯ ಕಡೆ ತಿರುಗಿಸಿಟ್ಟ. ದಾರಿಯುದ್ದಕ್ಕೂ ಹಿಂದಿನ ಸೀಟಿನಿಂದ ಕೆಮ್ಮು. ಮೂರು ಸಣ್ಣ ಕೆಮ್ಮು, ಕೊನೆಗೊಂದು ಸೀಟಿ. ಎರಡು ತಿಂಗಳು ನಿದ್ದೆಗೆಟ್ಟು ಕೇಳಿದ ಹೆಂಡತಿಯ ಕೆಮ್ಮು ಅವನಿಗೆ ಗೊತ್ತಾಗದೆ ಇರುತ್ತದೆಯೇ? ನದಿಯ ಸೇತುವೆಯ ಮೇಲೆ ಒಮ್ಮೆ ನಿಲ್ಲಿಸಿದ. ಇಲ್ಲಿಂದ ಜೀಪನ್ನು ಹಿಂದಕ್ಕೆ ತಿರುಗಿಸಬಹುದಿತ್ತು. ತಿರುಗಿಸಿದರೆ ಆ ಕೆಮ್ಮು ಯಾರ ಎದೆಗೆ ಮರಳುತ್ತದೆ ಎಂಬುದೂ ಗೊತ್ತಿತ್ತು. ಬಹಳ ಹೊತ್ತು ಸ್ಟೀರಿಂಗ್ ಹಿಡಿದು ಕೂತಿದ್ದ. ಆಮೇಲೆ ಗೇರ್ ಹಾಕಿದ.

ಪೇಟೆ ಹತ್ತಿರವಾದಾಗ ಸಿಗ್ನಲ್ ಬಂತು. ಅವನ ಕೋಟಿನ ಜೇಬಿನಲ್ಲಿದ್ದ ಫೋನ್ ಗುಂಯ್‌ಗುಟ್ಟಿತು. ತೆಗೆದು ನೋಡಿದ. ಪರದೆಯ ತುಂಬ ಎರಡು ಹಲ್ಲು ಬಿದ್ದ ನಗು. ಕೈ ತಾಗಿತೋ ಏನೋ, ಕರೆ ತೆರೆದುಕೊಂಡಿತು.

"ಬಾಬಾ? ನನ್ನ ಹುಟ್ಟಿದಬ್ಬಕ್ಕೆ ಬರ್ತೀಯ ತಾನೆ?"

ಹಿಂದಿನ ಸೀಟಿನಿಂದ ಒಂದು ಕೈ ಅವನ ಹೆಗಲ ಪಕ್ಕಕ್ಕೆ ಚಾಚಿಕೊಂಡಿತು. ಬಿಳುಚಿದ ಕೈ, ಗೆರೆಗಳಿಲ್ಲದ ಅಂಗೈ, ಬೆಣ್ಣೆಯ ವಾಸನೆ.

"ಬರ್ತೀನಿ ಪುಟ್ಟಾ," ಎಂದಿತು ಪರಾಗ್‌ನ ದನಿ. ಆಮೇಲೆ ಮೂರು ಸಲ ಕೆಮ್ಮಿತು.

"ಕೆಮ್ತಾ ಇದೀಯಲ್ಲ ಬಾಬಾ, ಜ್ವರಾನಾ? ಬೇಗ ಬಾ, ನಾನು ಔಷಧಿ ಕುಡಿಸ್ತೀನಿ."

ಸ್ಟೊಬ್ದನ್ ರಸ್ತೆಯನ್ನೇ ನೋಡುತ್ತ ಕೂತ. ಹಿಂದೆ ತಿರುಗದೆ, ಫೋನನ್ನು ಆ ಕೈಗೆ ಕೊಟ್ಟ.