ಹೊಗೆಮಲ್ಲನ ಹೇನು, ಚಂದಲೆಯ ಗುಲಾಬಿ

ಗುಲಾಬಿ ಗಿಡಗಳು ಅರಮನೆಯೆತ್ತರ ಬೆಳೆಯುತ್ತಿದ್ದ ಕಾಲದಲ್ಲಿ ಹೊಂಬಾಳೆನಾಡೆಂಬ ರಾಜ್ಯವಿತ್ತು. ಅಲ್ಲಿ ಹೊಗೆಮಲ್ಲನೆಂಬ ಮಾಂತ್ರಿಕನಿದ್ದ. ಅವನ ಗಡಿಗೆಯ ವಿಷದ ಹೊಗೆಗೆ ಗಿಡಹೇನು ಸಾಯುತ್ತಿತ್ತು. ಜೇನೂ ಸಾಯುತ್ತಿತ್ತು, ಗುಬ್ಬಿಮರಿಯೂ ಸಾಯುತ್ತಿತ್ತು. ತಿರುಗಿ ಬರುತ್ತಿದ್ದುದು ಹೇನು ಮಾತ್ರ. ಎಂಥ ಅನ್ಯಾಯ ನೋಡಿ!

ಅದಕ್ಕೇ ರಾಜಕುಮಾರ ಬಾಚರಸ ಅವನನ್ನು ಅರಮನೆಯ ತೋಟದಿಂದ ಆಚೆಗಟ್ಟಿದ. ಮಾಂತ್ರಿಕ ಹಲ್ಲು ಕಡಿದು ಶಪಿಸಿದ: "ಗುಲಾಬಿಯಾಗಿ ಹೋಗು! ನಿನಗೆ ಬಿಡುವುದು ಒಂದೇ ಮೊಗ್ಗು. ಅದು ಅರಳಿದರೆ ನೀನು ಮನುಷ್ಯ, ಬಾಡಿದರೆ ಮಣ್ಣು." ಬಾಚರಸ ನಿಂತಲ್ಲೇ ಗಿಡವಾದ. ಅವನಕ್ಕ ಚಂದಲೆ ಗಿಡದ ಬುಡ ಬಿಟ್ಟು ಕದಲಲಿಲ್ಲ.

ಮೊದಲು ಹೊಗೆಮಲ್ಲ ಹಸಿರು ಹೇನು ಕಳಿಸಿದ. ಹಲಸಿನ ಬೀಜದಷ್ಟು ದಪ್ಪನೆಯ ಹೇನುಗಳು ಚಿಗುರಿಗೆ ಅಂಟಿ ರಸ ಹೀರಿದವು. ರಾಜ ಕೈಕೈ ಹಿಸುಕಿಕೊಂಡ. "ಮಗಳೇ, ಹೊಗೆಮಲ್ಲನನ್ನೇ ಕರೆಸೋಣ."

"ನಾಚಿಕೆ ಆಗೋದಿಲ್ಲವಾ ಅಪ್ಪಾ? ತಮ್ಮನನ್ನು ಗಿಡ ಮಾಡಿದವನ ಕೈಗೇ ಗಿಡ ಕೊಡ್ತೀರಾ?" ಚಂದಲೆ ಉರಿದುಬಿದ್ದಳು. ಬಾವಿ ನೀರು ಸೇದಿ ಎಲೆಯಡಿಗೆ ರಭಸದಿಂದ ಎರಚಿದಳು. ಹೇನು ತಪತಪನೆ ಉದುರಿದವು.

ಎರಡನೆಯ ಸಲ ಕರಿ ಹೇನು ಬಂದವು. ಅವುಗಳ ಸಿಹಿ ಅಂಟು ನೆಕ್ಕುವ ಆಸೆಗೆ ಇಲಿ ಗಾತ್ರದ ಇರುವೆಗಳು ಅವನ್ನು ಹೊತ್ತು ತಂದು ದನ ಕಾಯುವಂತೆ ಕಾದವು. ಚಂದಲೆ ಕಾಂಡಕ್ಕೆ ಬಟ್ಟೆ ಸುತ್ತಿ ಹಲಸಿನ ಮೇಣ ಬಳಿದಳು. ಇರುವೆಗಳ ಕಾಲು ಅಲ್ಲೇ ಕಚ್ಚಿಕೊಂಡಿತು. ಹೇನನ್ನು ಅಂಟುವಾಳದ ನೊರೆಯಲ್ಲಿ ಒರೆಸಿ, ಎಲೆಗಳನ್ನು ತಿಳಿನೀರಲ್ಲಿ ತೊಳೆದಳು.

ಮೂರನೆಯ ಸಲ ರೆಕ್ಕೆಯ ಹೇನು ಮೋಡದಂತೆ ಕವಿದವು. ನೀರೂ ಸಾಲಲಿಲ್ಲ, ನೊರೆಯೂ ಸಾಲಲಿಲ್ಲ. ಮೊಗ್ಗು ತಲೆಬಾಗಿತು. ಆಗಲೇ ಎಲೆಯಡಿಯಿಂದ ಮುಂಗುಸಿಯಷ್ಟು ದೊಡ್ಡ ಪ್ರಾಣಿಗಳು ಹೊರಬಂದವು. ಕಪ್ಪು ಮೈ, ಮುಳ್ಳು ಬೆನ್ನು, ಕಿತ್ತಳೆ ಮಚ್ಚೆ.

"ಹೊಗೆಮಲ್ಲನ ಪಿಶಾಚಿಗಳು! ಹೊಡೆಯಿರಿ!" ರಾಜ ಕೂಗಿದ. ಭಟರು ಸಿಕ್ಕಸಿಕ್ಕದ್ದನ್ನು ಜಜ್ಜಿದರು. ಚಂದಲೆಯೂ ದೊಣ್ಣೆ ಎತ್ತಿದಳು.

"ಅಕ್ಕಾ, ನೋಡೋಕೆ ಚೆನ್ನಾಗಿಲ್ಲ ಅಂತ ಕೊಲ್ತೀಯಾ?" ಎದುರಿಗಿದ್ದ ಪ್ರಾಣಿ ಕೇಳಿತು. "ಹಿಂದೆ ನಮ್ಮವರನ್ನೆಲ್ಲ ಹೊಗೆ ಕೊಂದಿತು. ಈಗ ನೀವಾ? ನನ್ನ ಬಾಯಿ ನೋಡು." ಅದರ ಬಾಯಲ್ಲಿ ರೆಕ್ಕೆಯ ಹೇನೊಂದು ಒದ್ದಾಡುತ್ತಿತ್ತು.

ಚಂದಲೆ ದೊಣ್ಣೆ ಎಸೆದು ಭಟರ ಮೇಲೆ ಹರಿಹಾಯ್ದಳು. "ನಿಲ್ಲಿಸ್ರೋ! ತಿನ್ನೋಕೆ ಬಂದ ಹೇನನ್ನು ಬಿಟ್ಟು ಕಾಯೋಕೆ ಬಂದವರ ಮೇಲೆ ಬೀಳ್ತೀರಲ್ಲ, ಕಣ್ಣೇನು ಮನೇಲಿಟ್ಟು ಬಂದಿದ್ದೀರಾ? ನಾನೂ ದೊಣ್ಣೆ ಎತ್ತಿದೆನಲ್ಲ, ನನ್ನ ಕೈಗಿಷ್ಟು ಬೆಂಕಿ ಹಾಕ!"

ಉಳಿದ ಪ್ರಾಣಿಗಳು ಕೊಂಬೆಕೊಂಬೆಗೆ ಹತ್ತಿದವು. ಹೇನಿನ ಮೋಡ ಕರಗುತ್ತಾ ಬಂತು. ಮರೆಯಲ್ಲಿ ನಿಂತಿದ್ದ ಹೊಗೆಮಲ್ಲನಿಗೆ ತಡೆಯಲಾಗಲಿಲ್ಲ. ತಾನೇ ಹೇನಾಗಿ ಹಾರಿ ಮೊಗ್ಗಿಗೆ ಬಾಯಿ ಹಾಕಿದ.

ಆ ಕ್ಷಣ, ಚಂದಲೆಯೊಡನೆ ಮಾತಾಡಿದ್ದ ಪ್ರಾಣಿಯ ಬೆನ್ನು ಬಿರಿಯಿತು. ಒಳಗಿಂದ ಕೆಂಪು ಮೈಯ, ಕಪ್ಪು ಚುಕ್ಕೆಯ ಗುಲಗಂಜಿ ಹುಳ ಎದ್ದಿತು. ಅದು ಸೀದಾ ಹಾರಿ ಹೊಗೆಮಲ್ಲನನ್ನು ಒಂದೇ ಗುಕ್ಕಿಗೆ ನುಂಗಿತು. ಅವನ ಗಡಿಗೆ ಫಟ್ಟನೆ ಒಡೆಯಿತು.

ಮೊಗ್ಗು ಅರಳಿತು. ಬಾಚರಸ ಹೂವಿನಿಂದ ಹೊರಗೆ ಬಂದು, "ಅಕ್ಕಾ, ಮೈಯೆಲ್ಲ ತುರಿಕೆ ಕಣೇ!" ಎಂದ. ಚಂದಲೆ ನಕ್ಕಳು, ಆಮೇಲೆ ಅತ್ತಳು.

ಹೊಂಬಾಳೆನಾಡಿಗೆ ಜೇನು ಮರಳಿತು, ಗುಬ್ಬಿ ಮರಳಿತು, ಜನ ಹಾಯಾಗಿ ಬಾಳಿದರು. ಜಜ್ಜಿಹೋದ ಆ ಪ್ರಾಣಿಗಳಿಗಾಗಿ ಚಂದಲೆ ಆ ಗಿಡದ ಬುಡದಲ್ಲಿ ದೀಪವಿಟ್ಟಳು. ಇಂದಿಗೂ ಆ ನಾಡಿನಲ್ಲಿ ಕುರೂಪಿ ಹುಳ ಕಂಡರೆ ಯಾರೂ ದೊಣ್ಣೆ ಎತ್ತುವುದಿಲ್ಲ. ಮೊದಲು ಅದರ ಬಾಯಿ ನೋಡುತ್ತಾರೆ.